ಸಂಜೆ ಊದುವ ಅಣ್ಣ

ಮೊನ್ನೆ ಸಂಜೆ ಅಣ್ಣ ಫೋನ್ ಮಾಡಿದ. 'ಹಲೋ' ಅನ್ನಲಿಲ್ಲ. ಫೋನನ್ನು ಬಾಯಿಗೆ ಹಿಡಿದು 'ಹೂ...' ಎಂದು ಜೋರಾಗಿ ಊದಿದ. ನನ್ನ ಕಿವಿ ಗುಂಯ್ ಅಂದಿತು.

ತಮಾಷೆ ಅಂದುಕೊಳ್ಳಬೇಡಿ. ನನ್ನಣ್ಣ ಮುನಿರಾಜು ಕುಡಿತ ಬಿಟ್ಟವನು. ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಬಳ್ಳಾಪುರದ ಒಂದು ಬಾಡಿಗೆ ಮನೆಯಲ್ಲಿ ತನ್ನಂಥವರ ಜೊತೆ ಇದ್ದ. ಅಲ್ಲಿ ಡಾಕ್ಟರಿಲ್ಲ, ಮಾತ್ರೆಯಿಲ್ಲ. ಹಗಲು ಕೆಲಸ, ಒಟ್ಟಿಗೆ ಅಡುಗೆ, ಮತ್ತೆ ಒಂದೇ ಒಂದು ರೂಲ್ಸು. ಸಂಜೆ ಬಂದವರು ಬಾಗಿಲಲ್ಲೇ ನಿಂತು ಊದಬೇಕು, ಒಳಗಿದ್ದವರು ಮೂಸಬೇಕು. 'ಪಾಸ್, ಬಾರಪ್ಪ ಒಳಕ್ಕೆ' ಅಂದರೆ ಊಟ. ಇದ್ದಷ್ಟು ದಿನ ಅಣ್ಣ ಫೇಲಾಗಲಿಲ್ಲ.

ಹೋದ ತಿಂಗಳು ಅಧಿಕಾರಿಗಳು ಬಂದರು. 'ಲೈಸೆನ್ಸ್ ಎಲ್ಲಿ? ಇದು ಆಸ್ಪತ್ರೆನಾ, ಹಾಸ್ಟೆಲ್ಲಾ?' ಎರಡೂ ಅಲ್ಲ. ಬೀಗ ಬಿತ್ತು. (ಕೇಳಿದ್ದು ತಪ್ಪಲ್ಲ. ಕುಡಿತ ಬಿಡಿಸುತ್ತೇವೆಂದು ಮನುಷ್ಯರನ್ನು ಕಟ್ಟಿಹಾಕುವ ಜಾಗಗಳೂ ಇವೆ. ಯಾರಾದರೂ ನೋಡಲೇಬೇಕು.) ಆದರೆ ಲೈಸೆನ್ಸ್ ಬರುವವರೆಗೆ ಒಳಗಿದ್ದವರು ಎಲ್ಲಿಗೆ ಹೋಗಬೇಕು? ಅದನ್ನು ಯಾರೂ ಹೇಳಲಿಲ್ಲ.

ನಾನಿರುವುದು ಗೌರಿಬಿದನೂರಿನ ಲೇಡೀಸ್ ಪಿ.ಜಿ.ಯಲ್ಲಿ. ಅಲ್ಲಿಗೆ ಅಣ್ಣನನ್ನು ಕರೆತರುವಂತಿಲ್ಲ. ಜಂಗಮಕೋಟೆಗೆ, ಅವನ ಹೆಂಡತಿ ರತ್ನಮ್ಮನ ಹತ್ತಿರ ಕರೆದುಕೊಂಡು ಹೋದೆ. ಅತ್ತಿಗೆ ರೇಷ್ಮೆಹುಳ ಸಾಕುತ್ತಾರೆ. ಹುಳಕ್ಕೆ ವಾಸನೆ ಆಗದು ಎಂದು ಕುಡಿಯುವವರನ್ನು ಹುಳದ ಮನೆಗೆ ಬಿಡುವುದಿಲ್ಲ. ಅಣ್ಣ ಆ ಬಾಗಿಲು ದಾಟಿ ವರ್ಷಗಳೇ ಆಗಿವೆ.

ಬಾಗಿಲಲ್ಲಿ ನಿಂತು, 'ಊದ್ತೀನಿ, ಮೂಸಿ ನೋಡು ರತ್ನ' ಅಂದ.

ಅತ್ತಿಗೆ ಸೊಪ್ಪಿನ ಮಂಕರಿ ಸೊಂಟಕ್ಕೇರಿಸಿಕೊಂಡು ಮುಖ ತಿರುಗಿಸಿದರು. 'ಇಷ್ಟು ವರ್ಷ ಮೂಸಿದ್ದೇ ಸಾಕು. ಇನ್ನ ನನ್ ಕೈಲಾಗಲ್ಲ. ಅನ್ನ ಇಟ್ಟಿದ್ದೀನಿ, ಉಂಡು ಜಗಲಿ ಮೇಲೆ ಮಲಿಕ್ಕೊಳ್ಳಿ.'

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಗೆ? ಅಣ್ಣನನ್ನು ಅಲ್ಲೇ ಬಿಟ್ಟು, ದಾರಿಯಿಡೀ ಬಸ್ಸಿನ ಕಿಟಕಿಯಾಚೆ ನೋಡಿಕೊಂಡು ವಾಪಸು ಬಂದೆ.

ಅದಕ್ಕೇ ಈಗ ಈ ಫೋನು.

'ಫೋನಲ್ಲಿ ವಾಸನೆ ಬರಲ್ಲ ಕಣಣ್ಣ' ಅಂದೆ.

'ಗೊತ್ತು ಕಣಮ್ಮ. ಯಾರೂ ಕೇಳ್ದೇ ಇದ್ರೆ ಕುಡಿದ್ರೂ ಒಂದೇ, ಬಿಟ್ರೂ ಒಂದೇ ಅನ್ನಿಸ್ಬಿಡ್ತದೆ. ನೀನು ಪಾಸ್ ಅಂತ ಹೇಳು, ಸಾಕು.'

'ಪಾಸ್' ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಲೈಸೆನ್ಸ್ ಕೊಡುವ ಸ್ವಾಮಿ, ರೂಮು ಅಳೆಯಿರಿ, ಕಿಟಕಿ ನೋಡಿ, ಕಕ್ಕಸನ್ನೂ ನೋಡಿ. ಅಲ್ಲಿಯವರೆಗೆ ನನ್ನಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಮೂಸುವವರು ಯಾರು?