ದೇವರಮನೆ ಮೊದಲು

ನಮ್ಮ ಸಂಸಾರದಲ್ಲಿ ಪ್ರಾರ್ಥನೆ ಮಾಡುವುದು ನನ್ನ ಹೆಂಡತಿ ಸುಗುಣಳ ಕೆಲಸ, ರೇಗುವುದು ನನ್ನ ಕೆಲಸ. ಇಬ್ಬರೂ ಅವರವರ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದೇವೆ. ನಂಜನಗೂಡಿನಲ್ಲಿ ಮನೆ ಕಟ್ಟಲು ಶುರು ಮಾಡಿದ ಮೇಲೆ ಮಾತ್ರ ನನ್ನ ಕೆಲಸ ವಿಪರೀತ ಹೆಚ್ಚಾಗಿಬಿಟ್ಟಿತು.

"ದೇವರ ಮನೆ ಮೊದಲು, ನಮ್ಮದು ಆಮೇಲೆ" ಎಂಬುದು ಸುಗುಣಳ ಬಾಯಿಪಾಠ. ದೇವರ ಮನೆ ಎಂದರೆ ನಮ್ಮ ಚರ್ಚು. ಅದರ ಕಾಂಪೌಂಡು ಒಂದು ಕಡೆ ಕುಸಿದಿತ್ತು. ನಮ್ಮ ಸೈಟಿನಲ್ಲಿ ಇಳಿಯಬೇಕಿದ್ದ ಮರಳಿನ ಲೋಡು ಅಲ್ಲಿಗೆ ಹೋಗಿ ಇಳಿಯಿತು. ಮರಳು ಹೋಯಿತಲ್ಲ ಎಂದು ನಾನು ಕೂಗಾಡುವಷ್ಟರಲ್ಲಿ ನಮ್ಮ ಮೇಸ್ತ್ರಿ ಬಿಳಿಗೆರೆಯ ಮಾದೇವಪ್ಪನೂ ಕರಣೆ ಹಿಡಿದುಕೊಂಡು ಮರಳಿನ ಹಿಂದೆಯೇ ಹೋಗಿದ್ದ. "ನಮ್ಮ ಮನೆ ಕೆಲಸ ಯಾವಾಗಮ್ಮ ಆಗೋದು?" ಎಂದರೆ, "ಪ್ರಾರ್ಥನೆ ಮಾಡಿದೀನಿ, ಆಗುತ್ತೆ ಬಿಡಿ" ಎಂದಳು. ಪ್ರಾರ್ಥನೆಗೆ ಟೈಲ್ಸ್ ಕೂರಿಸಲು ಬರುತ್ತದೆಯೇ? ಕೇಳಿದರೆ ನಂಬಿಕೆ ಇಲ್ಲದವನು ಅನ್ನಿಸಿಕೊಳ್ಳಬೇಕು. ಕೇಳಿದೆ, ಅನ್ನಿಸಿಕೊಂಡೆ.

ನನ್ನ ಅವಸರಕ್ಕೆ ಕಾರಣ ನನ್ನ ತಾಯಿ. ಅಮ್ಮ ತಿ. ನರಸೀಪುರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಅಲ್ಲಿಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವಳು ಕೂಗಿದ್ದು ಟಿ.ವಿ. ಸೀರಿಯಲ್ಲಿನ ಅತ್ತೆ ಸೊಸೆಯರ ಕಿರುಚಾಟದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಪರೇಷನ್ ಆಗಿ ವಾಕರ್ ಹಿಡಿದು ಓಡಾಡುವಂತಾದ ಮೇಲೂ ತಂಗಿ ಬಾಗಿಲು ತೆರೆದಿಟ್ಟುಕೊಂಡು ಎದುರಿಗೇ ನಿಂತರಷ್ಟೇ ಸ್ನಾನ. ಜೀವಮಾನವೆಲ್ಲ ಸೆರಗು ಜಾರಗೊಡದ ಹೆಂಗಸಿಗೆ ಅದೆಂಥ ನಾಚಿಕೆ, ಯೋಚಿಸಿ. ಅದಕ್ಕೇ ಹೊಸ ಮನೆಯಲ್ಲಿ ಅವಳ ರೂಮಿಗೆ ಅಂಟಿಕೊಂಡಂತೆ, ಹೊಸ್ತಿಲಿಲ್ಲದ, ಗೋಡೆಗೆಲ್ಲ ಹಿಡಿಕೆ ಇರುವ ಒಂದು ಬಚ್ಚಲುಮನೆ. ನಾನು ಮನೆ ಕಟ್ಟಲು ಹೊರಟದ್ದೇ ಆ ಬಚ್ಚಲಿಗಾಗಿ ಎಂದರೂ ತಪ್ಪಿಲ್ಲ. ನಾನು ಗಣಿತ ಹೇಳಿಕೊಡುವ ಹೈಸ್ಕೂಲು ನರಸೀಪುರದಲ್ಲೇ ಇರುವುದರಿಂದ ಮಧ್ಯಾಹ್ನದ ಊಟ ತಂಗಿಯ ಮನೆಯಲ್ಲಿ. ತಟ್ಟೆಯ ಮುಂದೆ ಕೂತ ತಕ್ಷಣ ಅಮ್ಮನ ಪ್ರಶ್ನೆ ಒಂದೇ: "ಬಚ್ಚಲು ಆಯ್ತೇನಪ್ಪಾ?" ಆಗುತ್ತೆ ಎಂದು ಹೇಳಿ ಮುದ್ದೆ ಮುರಿಯುತ್ತಿದ್ದೆ.

ಚರ್ಚಿನ ಕಾಂಪೌಂಡು ಮುಗಿಸಿ ಮಾದೇವಪ್ಪ ನಮ್ಮ ಸೈಟಿಗೆ ವಾಪಸು ಬಂದ ಮೇಲೂ, ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವ ನಾನು ಕಂಡದ್ದು ಗೋಡೆ ಏಳುತ್ತಿದ್ದುದನ್ನು ಮಾತ್ರ. ಗೋಡೆ ನೋಡಿ ಯಾವ ಕೋಣೆಯೆಂದು ಹೇಳಲು ನಾನೇನು ಜ್ಯೋತಿಷಿಯೇ? ಒಂದು ಭಾನುವಾರ ಚರ್ಚು ಮುಗಿಸಿಕೊಂಡು ಸೈಟಿಗೆ ಹೋದರೆ, ಅಮ್ಮನ ಬಚ್ಚಲಿರಬೇಕಾದ ಜಾಗದಲ್ಲಿ ಕರೀ ಗ್ರಾನೈಟಿನ ಮೆಟ್ಟಿಲು, ಗೋಡೆಯಲ್ಲಿ ಕಮಾನಿನ ಗೂಡು, ಮುಂದೆ ಪುಟ್ಟ ಪುಟ್ಟ ಹಿತ್ತಾಳೆ ಗಂಟೆ ಪೋಣಿಸಿದ ಮರದ ಬಾಗಿಲು! ಸಾಕ್ಷಾತ್ ಪೂಜೆಯ ಕೋಣೆ.

ಮೇಸ್ತ್ರಿಯ ಮುಖದಲ್ಲಿ ಬಹುಮಾನ ಗೆದ್ದವನ ಕಳೆ. "ಈಸಾನ್ಯ ಮೂಲೇಲಿ ಯಾರಾರ ಬಚ್ಲು ಕಟ್ಟಾರಾ ಸಾ? ಪ್ಲಾನ್ ಬರ್ದೋನು ತಪ್ ಮಾಡವ್ನೆ ಅನ್ಕಂಡೆ. ಅಮ್ಮಾರು ಬ್ಯಾರೆ ದಿನಾ ಯೋಳ್ತಿದ್ರು, ದೇವ್ರ ಮನೆ ಮೊದ್ಲು, ನಮ್ದು ಆಮ್ಯಾಕೆ ಅಂತ. ಅದ್ಕೇ ಮೊದ್ಲು ಅದ್ನೇ ಮುಗ್ಸ್‌ಬುಟ್ಟೆ."

"ನಾವು ಕ್ರಿಶ್ಚಿಯನ್ನರು ಕಣಯ್ಯಾ!"

"ಗೊತ್ತು ಸಾ. ನಿಮ್ ದೇವ್ರಿಗೂ ಇರಕ್ಕೆ ಒಂದ್ ಜಾಗ ಬ್ಯಾಡ್ವಾ?"

ಸುಗುಣಳ ಕಡೆ ತಿರುಗಿದರೆ ಅವಳು ಆಗಲೇ ಗಂಟೆಗಳನ್ನು ಬೆರಳಲ್ಲಿ ಆಡಿಸುತ್ತ, "ಇರಲಿ ಬಿಡಿ, ಪ್ರಾರ್ಥನೆಗಾಗುತ್ತೆ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ತಪ್ಪು ಅರ್ಧ ಕನ್ನಡದ್ದೂ ಹೌದು. ನಮ್ಮ ಭಾಷೆಗೆ ಒಂದು ಸೂರಿನ ಕೆಳಗೆ ಎಷ್ಟು ಮನೆ ಕಟ್ಟಿದರೂ ತೃಪ್ತಿಯಿಲ್ಲ. ಅಡುಗೆಗೊಂದು ಅಡುಗೆಮನೆ, ನೀರಿಗೊಂದು ಬಚ್ಚಲುಮನೆ, ದೇವರಿಗೊಂದು ದೇವರಮನೆ. ಸಾಲ ಮಾಡಿ ಇಷ್ಟೆಲ್ಲ ಕಟ್ಟಿದ ಯಜಮಾನನಿಗೆ ಮಾತ್ರ ಮನೆಯಿಲ್ಲ, ಅವನಿಗೆ ಒಂದು ರೂಮು. ಇದರ ಮೇಲೆ ಸುಗುಣಳ ದೇವರ ಮನೆ ಪೇಟೆಯ ಆಚೆ ತುದಿಯಲ್ಲಿದ್ದರೆ, ಮಾದೇವಪ್ಪನದು ಅಡುಗೆಮನೆಯ ಪಕ್ಕದಲ್ಲಿ. ಇಬ್ಬರೂ ಒಂದೇ ಮಾತಾಡಿಕೊಂಡು, ತಲೆಯಾಡಿಸಿಕೊಂಡು, ನನ್ನ ತಾಯಿಯ ಬಚ್ಚಲನ್ನು ನುಂಗಿ ನೀರು ಕುಡಿದಿದ್ದರು.

"ಒಡೆದು ಹಾಕು" ಎಂದೆ. ಮಾದೇವಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ದೇವ್ರ ಮನೆ ವಡಿಯಕ್ಕೆ ನನ್ ಕೈಲಾಗಕಿಲ್ಲ ಸಾ."

"ಒಳಗೆ ಯಾವ ದೇವರೂ ಇನ್ನೂ ಬಂದಿಲ್ಲವಲ್ಲಯ್ಯಾ!"

"ಬಂದಿಲ್ಲ ಅಂತ ನಿಮ್ಗೆಂಗ್ ಗೊತ್ತು ಸಾ?"

ಕಳಲೆಯಿಂದ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿದೆ. ಆ ಮಹಾಶಯ ಇಣುಕಿ ನೋಡಿ, ಗಂಟೆ ಕಂಡು, "ಸಂಜೆ ಬತ್ತೀನಿ ಸಾ" ಎಂದು ಹೋದವನು ಈ ಕಡೆ ತಲೆ ಹಾಕಲಿಲ್ಲ. ಸುಗುಣ ಎಂದಿನಂತೆ ಪ್ರಾರ್ಥಿಸಿದಳು. ನಾನು ಎಂದಿನಂತೆ ರೇಗಿದೆ. ನರಸೀಪುರದಲ್ಲಿ ಅಮ್ಮ ಎಂದಿನಂತೆ ಕೇಳಿದಳು. ಒಂದು ಮಧ್ಯಾಹ್ನ ತಡೆಯಲಾರದೆ ಎಲ್ಲ ಒದರಿಬಿಟ್ಟೆ. ಅಮ್ಮ ಸಾರು ಬಡಿಸಿಕೊಳ್ಳುವುದನ್ನು ನಿಲ್ಲಿಸಿ, "ನಾಳೆ ಕಾರು ಮಾಡ್ಕೊಂಡು ಬಾ, ನಾನೇ ನೋಡ್ತೀನಿ" ಎಂದಳು. ನಮ್ಮ ವಂಶದಲ್ಲೇ ಅಮ್ಮನಷ್ಟು ಭಕ್ತೆ ಇನ್ನೊಬ್ಬಳಿಲ್ಲ. ಸುಗುಣಳಿಗೆ ಆ ಬಾಯಿಪಾಠ ಕಲಿಸಿದವಳೇ ಅವಳು. ಬಚ್ಚಲು ಬೇಡ, ದೇವರಮನೆಯೇ ಇರಲಿ ಎಂದುಬಿಟ್ಟರೆ? ಉಳಿದ ಆಯಸ್ಸೆಲ್ಲ ಬಾಗಿಲು ತೆರೆದಿಟ್ಟುಕೊಂಡೇ ಸ್ನಾನ.

ಅಮ್ಮ ಬಂದಳು. ವಾಕರ್ ಊರಿಕೊಂಡು ಒಳಗೆ ಹೋಗಿ ಗ್ರಾನೈಟಿನ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದಳು. ಹೊರಗೆ ಮಾದೇವಪ್ಪ ತಲೆಯ ಟವೆಲ್ ತೆಗೆದು ಕೈ ಕಟ್ಟಿ ನಿಂತ. ನಾನು ಹಲ್ಲು ಕಚ್ಚಿ ನಿಂತೆ. ಆಮೆನ್ ಎಂದು ಕಣ್ಣು ಬಿಟ್ಟವಳೇ ಹೇಳಿದಳು:

"ಮೇಸ್ತ್ರಿ, ನಮ್ಮ ದೇವ್ರಿಗೆ ಹೇಳಿದೀನಿ. ಅವನಿಗೆ ಊರಲ್ಲಿ ದೊಡ್ಡ ಮನೆ ಇದೆ, ಕಾಂಪೌಂಡೂ ನೀನೇ ಕಟ್ಟಿದೀಯ. ಇದು ನನಗೆ ಬೇಕಪ್ಪಾ."

"ಒಪ್ಪವ್ರಾ ಅವ್ವಾ?"

"ಒಪ್ಪವ್ನೆ. ಮಗೂಗೆ ನಾಚ್ಕೆ ಆಗೋದು ಯಾವ ತಂದೆಗೆ ಇಷ್ಟ?"

"ಅಂಗಾರೆ ಸರಿ ಬುಡಿ" ಎಂದು ಅವನು ಆ ಕ್ಷಣವೇ ಹಾರೆ ಎತ್ತಿಕೊಂಡ. ನಾನು ವಾರಗಟ್ಟಲೆ ಗಂಟಲು ಹರಿದುಕೊಂಡದ್ದು ಯಾವ ಪುರುಷಾರ್ಥಕ್ಕೋ! ಪೈಪುಗಳು ಮೊದಲೇ ನೆಲದಡಿ ಇದ್ದುದರಿಂದ ಕೆಲಸ ಬೇಗ ಮುಗಿಯಿತು. ಬಾಗಿಲು ಬದಲಾಯಿಸೋಣವೆಂದು ಅದನ್ನು ಕೀಳಿಸಲು ಹೋದರೆ ಅಮ್ಮ ತಡೆದಳು. "ಅಲ್ಲಿ ಬಿದ್ದಾಗ ಯಾರಿಗೂ ಕೇಳಿಸ್ಲಿಲ್ಲ. ಇದ್ರಲ್ಲಿ ಗಂಟೆ ಇದೆ." ನೀರು ತಾಗದಂತೆ ಹಿಂಬದಿಗೆ ಪಿವಿಸಿ ಶೀಟು ಬಡಿಸಿ ಹಾಗೇ ಉಳಿಸಿದೆವು.

ಈಗ ಬೆಳಿಗ್ಗೆ ಅಮ್ಮ ಒಬ್ಬಳೇ ಸ್ನಾನಕ್ಕೆ ಹೋಗುತ್ತಾಳೆ. ಬಾಗಿಲು ಹಾಕಿಕೊಂಡಾಗ ಗಂಟೆ ಒಮ್ಮೆ ಝಲ್ಲೆನ್ನುತ್ತದೆ, ತೆರೆದಾಗ ಇನ್ನೊಮ್ಮೆ. ಆ ಎರಡು ಸದ್ದುಗಳ ನಡುವೆ ಪೇಪರಿನ ಒಂದು ಅಕ್ಷರವೂ ನನ್ನ ತಲೆಗೆ ಹತ್ತುವುದಿಲ್ಲ. ಮೊನ್ನೆ ಹಾಗೇ ಕೂತಿದ್ದಾಗ ಸುಗುಣ ಅಡುಗೆಮನೆಯಿಂದ ಇಣುಕಿದಳು.

"ಏನ್ರೀ ಮಾಡ್ತಿದೀರಿ?"

"ಕಾಣಲ್ವಾ? ಪೇಪರ್ ಓದ್ತಿದೀನಿ!" ಎಂದು ರೇಗಿದೆ.

"ಕಣ್ಣು ಮುಚ್ಕೊಂಡಾ?"

ನಾನು ಇನ್ನಷ್ಟು ರೇಗುವವನಿದ್ದೆ. ಅಷ್ಟರಲ್ಲಿ ಎರಡನೆಯ ಗಂಟೆ ಕೇಳಿಸಿತು.