ಶಲವಡಿಯ ನೀರು

ಶಲವಡಿಯ ಶಾಲೆಗೆ ನನಗೆ ವರ್ಗವಾಗಿದೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಊರ ಹೆಸರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ಹೋಗು. ನೌಕರಿ ಅಂದ ಮ್ಯಾಲ ಹೋಗಬೇಕಲ್ಲ. ಆದ್ರ ಆ ಊರ ನೀರ ಮಾತ್ರ ಕುಡೀಬ್ಯಾಡ."

ಈ ಮಾತು ನನಗೆ ಹೊಸದಲ್ಲ. ಯರಗುಪ್ಪಿಯ ನಮ್ಮ ಮನೆಯಲ್ಲಿ ಬೆಳೆದವರೆಲ್ಲ ಇದನ್ನು ಕೇಳುತ್ತಲೇ ಬೆಳೆದವರು. ಶಲವಡಿಯವರೊಂದಿಗೆ ನಮಗೆ ಜಗಳವೇನೂ ಇರಲಿಲ್ಲ. ಸಂತೆಯಲ್ಲಿ ಸಿಕ್ಕರೆ ಮಾತಾಡುತ್ತಿದ್ದೆವು, ಅಲ್ಲಿಂದ ಎತ್ತು ಕೊಂಡು ತಂದದ್ದೂ ಉಂಟು. ಆದರೆ ಆ ಊರಿಗೆ ಹೆಣ್ಣು ಕೊಡುತ್ತಿರಲಿಲ್ಲ, ಅಲ್ಲಿಂದ ತರುತ್ತಿರಲಿಲ್ಲ, ಅಲ್ಲಿಯ ನೀರು ಮುಟ್ಟುತ್ತಿರಲಿಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ಹರೆಯದಲ್ಲಿ ಒಮ್ಮೆ ಸುಡು ಬಿಸಿಲಿನಲ್ಲಿ ಶಲವಡಿಯ ಮೇಲೆ ಹಾದು ಬಂದನಂತೆ. ನಾಲಿಗೆ ಒಣಗಿ ಹೊರಳದೇ ಇದ್ದರೂ ಹನಿ ನೀರು ಕೇಳದೆ ಮುಂದಿನ ಊರಿನವರೆಗೂ ನಡೆದನಂತೆ. ಮದುವೆ ಮನೆಗಳಲ್ಲಿ ನಾಲ್ಕು ಮಂದಿ ಸೇರಿದರೆ ಆತ ಇದನ್ನು ಎದೆ ಸೆಟೆಸಿ ಹೇಳುತ್ತಿದ್ದ.

ಕಾರಣ ಕೇಳಿದ್ದು ನಾನೊಬ್ಬಳೇ ಇರಬೇಕು. ಅಪ್ಪನ ತಾಯಿ, ನಮ್ಮ ಆಯಿ, ಮಧ್ಯಾಹ್ನ ಪಡಸಾಲೆಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಾಗ ಕೇಳುತ್ತಿದ್ದೆ.

"ನಾವು ಮೂಲ ಶಲವಡಿ ಮಂದಿ. ದಂಗಿ ಕಾಲದಾಗ ಬಿಟ್ಟ ಬಂದ್ವಿ," ಎನ್ನುತ್ತಿದ್ದಳು ಆಯಿ.

"ಯಾಕ ಬಿಟ್ವಿ?"

"ಆ ಊರವ್ರು ನಮ್ಮ ಕೊಡಕ್ಕ ನೀರ ತುಂಬಗೊಡಲಿಲ್ಲಂತ. ಕೆರಿ ದಂಡಿಯಿಂದ ಖಾಲಿ ಕೊಡ ಹೊಳ್ಳಿ ಕಳಿಸಿದ್ರಂತ. ಅವತ್ತ ನಮ್ಮ ಮನಿ ಹಿರೇ ಹೆಣಮಗಳು ಈ ನೀರ ಮುಟ್ಟೂದಿಲ್ಲಂತ ಆಣಿ ಮಾಡಿ, ಕೂಸ ಹೊತ್ಗೊಂಡ ಹೊಂಟಳು."

ಎಣ್ಣೆಯ ತಂಪಿಗೆ ನನಗೆ ತೂಕಡಿಕೆ ಬರುತ್ತಿತ್ತು. ಅರೆನಿದ್ದೆಯಲ್ಲಿ ಆ ಹೆಣ್ಣುಮಗಳು ಕಾಣುತ್ತಿದ್ದಳು. ಕಣ್ಣು ಮುಟ್ಟುವವರೆಗೂ ಕರಿ ಎರೆಭೂಮಿ, ಗಿಡವಿಲ್ಲ, ಗುಡ್ಡವಿಲ್ಲ, ಆಕೆಯ ಟೊಂಕದ ಮೇಲೊಂದು ಕೂಸು. ದೂರದಲ್ಲಿ ನೀರಿನಂತೆ ನಡುಗುವ ಬಿಸಿಲು. ಬಿಸಿಲುಗುದುರೆ ಎಂಬ ಮಾತನ್ನು ಶಾಲೆಯಲ್ಲಿ ಆಗಷ್ಟೇ ಕಲಿತಿದ್ದೆ. ಆ ಬಿಸಿಲೊಳಗಿಂದ ನಿಜವಾದ ಕುದುರೆಗಳೇ ಎದ್ದು ಬರುತ್ತಿದ್ದವು. ಆಯಿ ಜಡೆಯ ತುದಿ ಜಗ್ಗಿ ಗಂಟು ಹಾಕಿದಾಗ ಎಚ್ಚರವಾಗುತ್ತಿತ್ತು.

ದಂಗೆಯ ಕಾಲವೆಂದರೆ ಯಾವ ಕಾಲ ಎಂದು ಆಯಿಗೂ ಗೊತ್ತಿರಲಿಲ್ಲ. ನಾನೇ ಶಿಕ್ಷಕಿಯಾಗಿ ಮಕ್ಕಳಿಗೆ ಇತಿಹಾಸ ಹೇಳತೊಡಗಿದ ಮೇಲೆ, ಅದು ಕಂಪನಿ ಸರ್ಕಾರ ಬರುವುದಕ್ಕೆ ಮುಂಚಿನ ಕಾಲವಿರಬೇಕು ಎಂದು ಊಹಿಸಿದೆ. ಸೀಮೆಯ ಒಡೆತನಕ್ಕಾಗಿ ದಾಯಾದಿಗಳೇ ತಮ್ಮತಮ್ಮಲ್ಲಿ ಬಡಿದಾಡಿಕೊಂಡ ಕಾಲ ಅದು. ಊಹೆ ಅಷ್ಟೇ.

ಹುಬ್ಬಳ್ಳಿಯಲ್ಲಿ ನನ್ನ ಮನೆ. ದಿನಾ ಬಸ್ಸಿನಲ್ಲಿ ಶಲವಡಿಗೆ ಹೋಗಿ ಬರತೊಡಗಿದೆ. ಚೀಲದಲ್ಲಿ ಎರಡು ಬಾಟಲಿ ನೀರು. ಜೊತೆಯ ಶಿಕ್ಷಕರು ಚಹಾ ಕೊಟ್ಟರೆ ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದೆ. ಒಳಗೊಳಗೇ ನಗುವೂ ಬರುತ್ತಿತ್ತು. ಈಗ ಆ ಊರಿನ ಕೆರೆಗೆ ಬಂದು ಬೀಳುವುದು ಕಾಲುವೆಯ ನೀರು, ಮಲಪ್ರಭೆಯದು. ನನ್ನ ಮನೆಯ ನಳಕ್ಕೆ ಬರುವುದೂ ಅದೇ ನದಿ. ಬಾಟಲಿಯಲ್ಲಿ ತುಂಬಿ ಅದನ್ನೇ ಹೊತ್ತುಕೊಂಡು ಹೋಗುತ್ತಿದ್ದೆ. ಆದರೂ ಅಲ್ಲಿಯ ಲೋಟ ತುಟಿಗೆ ಹಚ್ಚಲು ಆಗುತ್ತಿರಲಿಲ್ಲ. ಬುದ್ಧಿ ಒಪ್ಪಿದ್ದನ್ನು ಗಂಟಲು ಒಪ್ಪಬೇಕಲ್ಲ.

ಆ ಊರಿನಲ್ಲಿ ನನಗೆ ಒಂದು ವಿಚಿತ್ರ ಭಾವನೆ ಬರುತ್ತಿತ್ತು. ಬಸ್ಸಿಳಿದು ಶಾಲೆಗೆ ನಡೆಯುವ ಓಣಿಯಲ್ಲಿ ಒಂದು ಮೂಲೆ ತಿರುಗಿದರೆ, ಮುಂದೆ ಏನಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತಿತ್ತು. ಮಣ್ಣಿನ ಮಾಳಿಗೆಗಳು, ಕಟ್ಟೆಗಳು, ಗೋಡೆಗೆ ಒರಗಿಸಿದ ನೊಗ, ಎಲ್ಲವೂ ಯರಗುಪ್ಪಿಯಂತೆಯೇ ಇದ್ದವು. ಅದಕ್ಕೆ ಹಾಗನ್ನಿಸಿರಬಹುದು.

ಮಾರ್ಚಿ ತಿಂಗಳ ಕೊನೆಗೆ ಒಂದು ದಿನ ಬಾಟಲಿಗಳು ಮಧ್ಯಾಹ್ನಕ್ಕೇ ಬರಿದಾದವು. ಶಾಲೆ ಬಿಟ್ಟು ಬಸ್ಸಿಗೆ ಹೊರಟವಳಿಗೆ ಓಣಿ ಓಲಾಡಿದಂತೆ ಕಂಡಿತು. ಒಂದು ಮನೆಯ ಮುಂದಿನ ಬೇವಿನ ನೆರಳಿಗೆ ಹೋಗಬೇಕೆಂದು ಹೆಜ್ಜೆ ಹಾಕಿದ್ದು ನೆನಪಿದೆ. ಆಮೇಲೆ ನೆನಪಿರುವುದು ಗಂಟಲಲ್ಲಿ ಇಳಿಯುತ್ತಿದ್ದ ತಂಪು. ಇಷ್ಟು ಸಿಹಿಯಾದದ್ದನ್ನು ನಾನು ಕುಡಿದೇ ಇಲ್ಲ ಅನ್ನಿಸಿತು. ಕಣ್ಣು ತೆರೆದೆ. ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆಯಿಂದ ಹನಿಹನಿಯಾಗಿ ನೀರು ಹಾಕುತ್ತಿದ್ದಳು. ಆಕೆಯ ಸೊಸೆ ಬೀಸಣಿಕೆ ಬೀಸುತ್ತಿದ್ದಳು.

ನಾನು ತಂಬಿಗೆಯನ್ನು ಕೈಯಿಂದ ಸರಿಸಿ ಎದ್ದು ಕುಳಿತೆ. "ನಾನು ಕುಡಿಯಬಾರದಿತ್ತು," ಅಂದುಬಿಟ್ಟೆ.

ಮುದುಕಿ ತಂಬಿಗೆಯನ್ನು ಕೆಳಗಿಟ್ಟಳು. ಬಹಳ ಸಾವಕಾಶವಾಗಿ ಇಟ್ಟಳು. "ಮಾಫ್ ಮಾಡ್ರಿ ಅಕ್ಕೋರ. ಜೀವದ ಪ್ರಶ್ನಿ ಇತ್ತು, ನಾವು ಯಾವ ಮಂದಿ ಅಂತ ಹೇಳಿ ಕೊಡಾಕ ಆಗಲಿಲ್ಲ," ಎಂದಳು.

ಆಕೆ ಏನು ತಿಳಿದುಕೊಂಡಳು ಎಂಬುದು ನನಗೆ ಆಗ ಹೊಳೆಯಿತು. ಅದು ತಲೆಮಾರುಗಳಿಂದ ಅಲ್ಲೇ ಇರುವ ಮುಸಲ್ಮಾನರ ಮನೆ. ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು.

"ಹಂಗಲ್ರಿ ಅಮ್ಮಾ," ಎಂದೆ. "ನಿಮ್ಮ ಮನಿ ಮಾತಲ್ಲ. ನಮ್ಮ ಮನಿತನದವ್ರು ಈ ಊರಾಗ ಯಾರ ಮನಿಯಾಗೂ ನೀರ ಕುಡಿಯೂದಿಲ್ಲ. ಹಿಂದ ಎಂದೋ ಆಣಿ ಆಗೈತಂತ."

"ಯಾವ ಊರು ನಿಮ್ದು?"

"ಯರಗುಪ್ಪಿ."

ಆಕೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಕೈ ಚಾಚಿ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಬಹುವಚನ ಬಿಟ್ಟುಹೋಯಿತು.

"ಹಂಗಾರ ನೀ ಆಕಿ ಮನಿ ಹುಡುಗಿ," ಎಂದಳು.

ಆ ದಿನ ಎರಡು ಬಸ್ಸು ತಪ್ಪಿಸಿದೆ. ಬೇವಿನ ನೆರಳು ಅಂಗಳ ದಾಟಿ ಗೋಡೆ ಏರುವವರೆಗೂ ಆಕೆ ಹೇಳಿದಳು. ಅದು ಆಕೆಯ ಅತ್ತೆ ಆಕೆಗೆ ಹೇಳಿದ್ದು, ಅತ್ತೆಗೆ ಅತ್ತೆಯ ಅತ್ತೆ ಹೇಳಿದ್ದು. ಅವರು ಆಗ ನೇಯ್ಗೆಯವರು. ಅವರ ಮನೆಗೂ ನಮ್ಮ ಹಿರಿಯರ ಮನೆಗೂ ನಡುವೆ ಒಂದೇ ಗೋಡೆ ಇತ್ತಂತೆ. ಮಗ್ಗದ ಸಪ್ಪಳ ಕೇಳದಿದ್ದರೆ ಆ ಕಡೆಯ ಕೂಸು ಮಲಗುತ್ತಿರಲಿಲ್ಲವಂತೆ.

"ದಂಡು ಬಂತಲ್ಲಾ, ಅವ್ರು ಹೊರಗಿನವ್ರಲ್ಲ. ಅದ ನೋಡು ಕೆಟ್ಟದ್ದು," ಎಂದಳು. "ಸೀಮಿ ಸಲುವಾಗಿ ಅಣ್ಣನ ಕಡಿ ಒಂದ ದಂಡು, ತಮ್ಮನ ಕಡಿ ಒಂದ ದಂಡು. ಒಂದ ಮನಿ ಹುಡುಗ್ರು ಆ ಕಡಿ ಒಬ್ಬ, ಈ ಕಡಿ ಒಬ್ಬ. ನಿಮ್ಮ ಆಕಿ ಗಂಡನೂ ಅಣ್ಣನ ಕಡಿ ಹೋಗಿದ್ದ. ಬಂದದ್ದು ತಮ್ಮನ ದಂಡು. ನಮ್ಮ ಮಾತ ಆಡ್ತಿದ್ರು, ನಮ್ಮ ರೊಟ್ಟಿ ತಿಂತಿದ್ರು. ಹಗೇವು ಇರ್ತಾವಂತ ಅವ್ರಿಗೆ ಗೊತ್ತಿತ್ತು. ಎಲ್ಲಿ ಅದಾವಂತ ಅಷ್ಟ ಗೊತ್ತಿರಲಿಲ್ಲ."

ಹಗೇವು ಎಂದರೆ ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿ ಮುಚ್ಚುವ ಕಣಜ. ಯುದ್ಧದ ಸುದ್ದಿ ಬಂದೊಡನೆ ಊರವರೆಲ್ಲ ಸೇರಿ ಹೊಲವೊಂದರಲ್ಲಿ ದೊಡ್ಡ ಹಗೇವು ತೆಗೆದು, ಎಲ್ಲರ ಜೋಳವನ್ನೂ ಅದರಲ್ಲಿ ಮುಚ್ಚಿ, ಮೇಲೆ ನೆಲ ಹರಗಿ ಗುರುತು ಅಳಿಸಿಬಿಟ್ಟಿದ್ದರು. ಯಾರೂ ಬಾಯಿ ಬಿಡಬಾರದೆಂದು ಗುಡಿಯಲ್ಲೂ ದರ್ಗಾದಲ್ಲೂ ಆಣೆಯಾಗಿತ್ತು. ಕುದುರೆ ಸವಾರರು ಮನೆಮನೆ ಹುಡುಕಿದರು, ಗಂಡಸರನ್ನು ಬಡಿದರು, ಯಾರೂ ಹೇಳಲಿಲ್ಲ. ಕೊನೆಗೆ ಒಬ್ಬ ನಮ್ಮ ಆ ಹೆಣ್ಣುಮಗಳ ಚೊಚ್ಚಲ ಕೂಸನ್ನು ಎತ್ತಿ ಕುದುರೆಯ ಮೇಲೆ ಹಾಕಿಕೊಂಡ.

"ಕುದರಿ ತಿರುಗಿಸಿದ," ಎಂದಳು ಮುದುಕಿ. "ಆಕಿ ಬಾಯಿ ಬಿಡಲಿಲ್ಲ ಮತ್ತ. ಆಣಿ ಮುರೀಲಿಲ್ಲ. ಕೈ ಮಾಡಿ ತೋರಿಸಿದ್ಳು, ಅಷ್ಟ."

ಕೂಸು ತಾಯಿಯ ಕೈಗೆ ಬಂತು, ಜೋಳವೆಲ್ಲ ಹೋಯಿತು. ಆ ವರ್ಷ ಊರು ಹುಣಸೆ ಬೀಜ ಹುರಿದು ತಿಂದಿತು. ನಾನು ತಡೆದು ತಡೆದು ಕೇಳಿದೆ, ಜೀವಗಳೇನಾದರೂ ಹೋದವೇ ಎಂದು.

"ಹೋದವು. ಈ ಮನಿಯಾಗೂ ಒಂದ ಕೂಸ ಹೋತು."

ಬೀಸಣಿಕೆ ನಿಂತಿತ್ತು. ನೀರು ಕೊಡದೆ ಓಡಿಸಿದರು ಎಂದು ಆಯಿ ಹೇಳಿದ್ದನ್ನು ಆಕೆಗೆ ಹೇಳಿದೆ. ಮುದುಕಿ ತಲೆ ಅಲ್ಲಾಡಿಸಿದಳು.

"ಯಾರೂ ಓಡಿಸಲಿಲ್ಲ ಯವ್ವಾ. ಬೈಲಿಲ್ಲ ಸೈತ. ಆಕಿ ಕೆರಿಗೆ ಬಂದ್ರ ಹೆಣಮಕ್ಕಳು ಮಾತ ನಿಲ್ಲಿಸಿ ಬಾಜೂಕ ಸರೀತಿದ್ರಂತ, ಅಷ್ಟ. ಒಂದಿನ ಆಕೀನ ತುಂಬಿದ ಕೊಡಾ ಹೊಳ್ಳಿ ಕೆರಿಗೆ ಸುರುವಿದ್ಳು. 'ನಿಮ್ಮ ಅನ್ನಾ ಕಳದೀನಿ, ನೀರ ಬ್ಯಾರೆ ಯಾವ ಮಾರಿಯಿಂದ ಕುಡೀಲಿ. ನಾನೂ ಕುಡಿಯೂದಿಲ್ಲ, ನನ್ನ ಮಕ್ಕಳೂ ಕುಡಿಯೂದಿಲ್ಲ' ಅಂದ್ಳಂತ. ಮರುದಿನ ನಸುಕಿನ್ಯಾಗ ಮನಿ ಖಾಲಿ."

ಗೋಡೆಯಾಚೆ ಸದ್ದಿಲ್ಲದ್ದನ್ನು ಮೊದಲು ಗಮನಿಸಿದವಳು ನೇಕಾರರ ಮನೆಯ ಸೊಸೆ, ಕೂಸನ್ನು ಕಳೆದುಕೊಂಡವಳು. ಆಕೆ ಬೆನ್ನು ಹತ್ತಿ ಹೋದಳು. ಅವಳ ಹಿಂದೆ ಇನ್ನೂ ಕೆಲವರು. ಬೆಣ್ಣೆಹಳ್ಳ ಮುಟ್ಟುವ ಹೊತ್ತಿಗೆ ನಮ್ಮವಳು ಆಚೆ ದಂಡೆ ಏರಿದ್ದಳು. ಹಿಂದೆಯೇ ಹಳ್ಳಕ್ಕೆ ಹೊಸ ನೀರು ಬಂತು. ಅದರ ಭೋರ್ಗರೆತದ ಮೇಲೆ ಈಚೆಯಿಂದ ಕೂಗಿದರಂತೆ.

"ಏನಂತ ಕೂಗಿದ್ರು?"

"'ಹೋದ ಕೂಸ ಹೋತು, ಉಳದ ಕೂಸಾದ್ರೂ ಈ ಊರಾಗ ಬೆಳೀಲಿ, ಹೊಳ್ಳಿ ಬಾ' ಅಂತ. ಆಕಿಗೆ ಕೇಳಿಸಿತೋ ಇಲ್ಲೋ. ನಮ್ಮತ್ತಿ ಇದನ್ನ ಹೇಳೂ ಮುಂದ ಕೇಳಿಸಿರಲಿಕ್ಕಿಲ್ಲ ಅಂತಿದ್ಳು. ಕೇಳಿಸಿದ್ರ ತಿರುಗಿ ನೋಡ್ತಿದ್ಳು."

ಆಮೇಲಿನ ಕೆಲವು ದಿನ ನಾನು ಪಾಠ ಮಾಡುತ್ತಿದ್ದರೂ ಆ ದಂಡೆಯ ಮೇಲೆಯೇ ಇದ್ದೆ. ಯಾವ ದಂಡೆ ಎಂಬುದು ಮಾತ್ರ ಬದಲಾಗುತ್ತಿತ್ತು. ಒಮ್ಮೆ ಕೂಗುವವಳು ನಾನು, ಒಮ್ಮೆ ಕೇಳಿಸದೆ ನಡೆಯುವವಳು ನಾನು. ನಾಚಿಕೆಯಿಂದ ಹುಟ್ಟಿದ ಆಣೆಯೊಂದು ತಲೆಮಾರು ದಾಟುತ್ತ ದಾಟುತ್ತ ಸಿಟ್ಟಾಗಿ ಬದಲಾದದ್ದು ಎಲ್ಲಿ, ಯಾರ ಬಾಯಲ್ಲಿ ಎಂದು ಯೋಚಿಸುತ್ತಿದ್ದೆ. ಮಕ್ಕಳಿಗೆ ಹೇಳುವಾಗ ಯಾವುದೋ ತಾಯಿ ಸ್ವಲ್ಪ ಹಗುರ ಮಾಡಿ ಹೇಳಿರಬೇಕು. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಯರಗುಪ್ಪಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವ್ವ ಕೇಳಿ ಕಣ್ಣೊರೆಸಿಕೊಂಡಳು. ಕಾಕಾ ಮಾತ್ರ ಎದ್ದು ನಿಂತ.

"ಸುಳ್ಳ. ನಮ್ಮ ಮನಿತನದಾಗ ಅಂಥಾವ್ರು ಯಾರೂ ಇಲ್ಲ. ಊರಿಗೆ ಎರಡ ಬಗದವ್ರಲ್ಲ ನಾವು."

"ಕಾಕಾ, ಅವ್ರು ಎರಡ ಬಗದಾಳ ಅಂತ ಹೇಳಲಿಲ್ಲ."

"ನೀ ಅಲ್ಲಿ ನೀರ ಕುಡದ ಬಂದೀದಿ. ಅದಕ್ಕ ಅವ್ರ ಮಾತ ಆಡ್ತಿ," ಎಂದವನು ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ. ನಾನು ಹೊರಡುವವರೆಗೂ ಎದುರು ಬರಲಿಲ್ಲ.

ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಒಂದು ಬೆಳಿಗ್ಗೆ ಆತನ ಫೋನು ಬಂತು. ಮಳೆ ಹಿಡಿದು ಕೆಲಸ ನಿಂತಿತ್ತು.

"ಆ ಮುದುಕಿ ಇನ್ನೂ ಅದಾಳೇನು?"

"ಅದಾಳ."

"ನಾಳೆ ಬರ್ತೀನಿ. ನಿನ್ನ ಬಸ್ಸ ಎಷ್ಟಕ್ಕ?"

ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಆತನ ಹೆಗಲ ಮೇಲೆ ಒಂದು ಚೀಲವಿತ್ತು. ಏನೆಂದು ನಾನು ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಆ ಮನೆಗೆ ಹೋದೆವು. ಓಣಿಯ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಭಾರವಾಗಿತ್ತು. ಕಾಕಾ ಕಟ್ಟೆಯ ಕೆಳಗೇ ನಿಂತ. ಮುದುಕಿ ಹೊರಗೆ ಬಂದು ನೋಡಿದಳು.

"ಒಳಗ ಬರ್ರಿ ಅಣ್ಣಾ," ಎಂದಳು. ಆಕೆಗಿಂತ ಕಾಕಾ ಚಿಕ್ಕವನು.

ಕಾಕಾ ಚೀಲವನ್ನು ಆಕೆಯ ಮುಂದೆ ಇಳಿಸಿ ಬಾಯಿ ಬಿಚ್ಚಿದ. ಬಿಳಿಜೋಳ. "ನಮ್ಮ ಹೊಲದ್ದು," ಎಂದ. ಮುದುಕಿ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಹರಡಿ ನೋಡಿದಳು, ಒಂದೆರಡು ಕಾಳು ಬಾಯಿಗೆ ಹಾಕಿಕೊಂಡಳು. "ಚಲೋ ಜ್ವಾಳ," ಎಂದು ಸೊಸೆಯನ್ನು ಕರೆದು ಒಳಗೆ ಕೊಟ್ಟಳು. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಕಾಕಾ ಅಲ್ಲೇ ಕುಸಿಯುತ್ತಿದ್ದನೋ ಏನೋ.

ನೀರನ್ನು ಆತನೇ ಕೇಳಿದ. ತಂಬಿಗೆ ಎತ್ತಿ, ಕಣ್ಣು ಮುಚ್ಚಿ, ಗಟಗಟ ಕುಡಿದ. ಮೀಸೆ ಒರೆಸಿಕೊಂಡು ತಂಬಿಗೆ ಕೆಳಗಿಟ್ಟ.

"ಆ ಕೂಸ ಮುಂದ ಏನಾತಂತ ನಿಮಗ ಗೊತ್ತೇನ್ರಿ?" ಎಂದು ಕೇಳಿದ.

"ಹಳ್ಳಾ ದಾಟಿದ ಮ್ಯಾಲಿಂದು ನಮಗ ಹೆಂಗ ಗೊತ್ತಾಗಬೇಕ್ರಿ? ಬದುಕಿತೋ ಇಲ್ಲೋ ಅಂತ ನಮ್ಮತ್ತಿ ಭಾಳ ಹಳಹಳಿಸ್ತಿದ್ಳು."

"ಬದುಕಿತ್ರಿ," ಎಂದ ಕಾಕಾ. "ಬೆಳದ ದೊಡ್ಡದಾತು. ಲಗ್ನಾ ಆತು, ಮಕ್ಕಳಾದ್ವು. ನಾವೆಲ್ಲಾ ಆ ಕೂಸಿನ ಮಕ್ಕಳ್ರಿ."

ಮುದುಕಿ ಆತನನ್ನೂ ನನ್ನನ್ನೂ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಳಗಿನ ಕಡೆ ತಿರುಗಿ ತಮ್ಮ ಮಾತಿನಲ್ಲಿ ಸೊಸೆಗೆ ಏನೋ ಕೂಗಿ ಹೇಳಿದಳು. ಉರ್ದು ನನಗೆ ಅಷ್ಟಾಗಿ ತಿಳಿಯದು. ಬಚ್ಚಾ ಎಂಬುದೊಂದು ತಿಳಿಯಿತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಉಂಡು ಹೊರಟಾಗ ಮಳೆ ಹೊಳವಾಗಿತ್ತು. ಬಸ್ಸಿನಲ್ಲಿ ಕಾಕಾ ಕಿಟಕಿಯ ಬಳಿ ಕುಳಿತ. ಇಳಿಬಿಸಿಲಿಗೆ ಹೆಸರಿನ ಹೊಲಗಳ ಮೇಲೆ ಹಬೆಯಾಡುತ್ತಿತ್ತು. ಬಹಳ ದೂರ ಬಂದ ಮೇಲೆ ಆತ ಹೊರಗೆ ನೋಡುತ್ತಲೇ ಕೇಳಿದ.

"ಆಕಿಗೆ ಆವಾಗ ಎಷ್ಟ ವಯಸ್ಸಿದ್ದೀತು?"

ಇಷ್ಟು ವರ್ಷ ನಾನು ಆಕೆಯನ್ನು ಆಯಿಯ ಮುಖದಲ್ಲೇ ಕಂಡಿದ್ದೆ, ನರೆಗೂದಲು, ಸುಕ್ಕುಗಲ್ಲ, ಹಣೆಯಲ್ಲಿ ವಿಭೂತಿ. ಮನೆಯ ಹಿರೇ ಹೆಣ್ಣುಮಗಳು ಎಂದರೆ ಮುದುಕಿಯೇ ಎಂದುಕೊಂಡಿದ್ದೆ. ಆದರೆ ಟೊಂಕದ ಮೇಲೆ ಚೊಚ್ಚಲ ಕೂಸು, ಗಂಡ ದಂಡಿನಲ್ಲಿ. ಆಗಿನ ಕಾಲದ ಬಾಲ್ಯವಿವಾಹಗಳು.

"ಭಾಳ ಸಣ್ಣಾಕಿ ಇರಬೇಕು ಕಾಕಾ," ಎಂದೆ. "ನನ್ನ ಮಗಳಿಗಿಂತ ಸಣ್ಣಾಕಿ."

ಕಾಕಾ ಹ್ಞೂಂ ಎಂದ. ನನ್ನ ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಮಳೆಯಲ್ಲಿ ನೆನೆದು ಬಂದರೆ ತಲೆ ಒರೆಸಿಕೊಳ್ಳುವುದಕ್ಕೂ ನನ್ನನ್ನೇ ಕೂಗುತ್ತಾಳೆ.