ಜುಮ್ಮಕ್ಕ ಕೂಸನ್ನು ಎತ್ತಿಕೊಂಡ ಶುಕ್ರವಾರ

ನನ್ನ ಮೊಮ್ಮಗಳು ಹುಟ್ಟಿದ ದಿನ ನಾನು ಹೊಸಪೇಟೆಯ ಆಸ್ಪತ್ರೆ ಮುಂದಿನ ಚಹಾದಂಗಡಿಯವನಿಗೆ, ಆಟೋದವರಿಗೆ, ಗುರುತಿಲ್ಲದವರಿಗೆ ಎಲ್ಲಾ ಸಕ್ಕರೆ ಹಂಚಿದೆ. ಮಗನ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಕೂಸು. ಸೊಸೆ ಕಡ್ಡಿರಾಂಪುರದವಳು, ಅವಳ ತವರಿನವರೂ ಕುಣಿದರು, ಆದರೆ ನನ್ನಷ್ಟು ಅಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಂಥವಳು ಇದನ್ನು ಬರೆಯಲು ಕೂತಿದ್ದೇನೆ ಎಂದರೆ ಒಂದು ಕಾರಣ ಆ ಕೂಸಿನ ಖುಷಿ, ಇನ್ನೊಂದು ಕಾರಣ ನನ್ನ ಅಕ್ಕನ ಮೇಲಿನ ಸಿಟ್ಟು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಖುಷಿ ಹೆಚ್ಚೋ ಸಿಟ್ಟು ಹೆಚ್ಚೋ ಎಂದು ಕೇಳಬೇಡಿ. ಎರಡೂ ಒಂದೇ ಗಡಿಗೆಯಲ್ಲಿ ಉಕ್ಕುತ್ತವೆ.

ನಾನು ಕಂಪ್ಲಿಯವಳು. ಹೊಸಪೇಟೆಗೆ ಸೊಸೆಯಾಗಿ ಬಂದೆ. ಗಂಡ ತೀರಿಕೊಂಡ ಮೇಲೆ ಕಡಪದ ಕಡೆಯ ಹೆಂಗಸರ ಜೊತೆ ಸೇರಿ ಕುವೈತಿಗೆ ಮನೆಗೆಲಸಕ್ಕೆ ಹೋದೆ. ಅಲ್ಲಿ ಶುಕ್ರವಾರ ರಜೆ. ಭಾನುವಾರ ಶಾಲೆ, ಕಚೇರಿ ಎಲ್ಲಾ ನಡೆಯುತ್ತವೆ. ಹಾಗಾಗಿ ನಮ್ಮ ಚರ್ಚಿನ ಆರಾಧನೆಯೂ ಶುಕ್ರವಾರವೇ. ಮೊದಮೊದಲು ಇದು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಶುಕ್ರವಾರ ಹಾಡುತ್ತಿದ್ದರೆ ದೇವರು ಬೇರೆ ಕೆಲಸದಲ್ಲಿ ಇರುತ್ತಾನೇನೋ ಅನ್ನಿಸುತ್ತಿತ್ತು. ಬರುಬರುತ್ತಾ ರೂಢಿಯಾಯಿತು. ಹಾಲ್ ಒಂದೇ, ಭಾಷೆ ಹತ್ತಾರು. ಫಿಲಿಪೀನ್ಸ್ ಹುಡುಗಿಯರ ಹಾಡು ಮುಗಿಯಬೇಕು, ಮಲಯಾಳಿಗಳ ಪ್ರಸಂಗ ಮುಗಿಯಬೇಕು, ಆಮೇಲೆ ತೆಲುಗಿನವರ ಸರದಿ. ಕನ್ನಡದವರಿಗೆ ಬೇರೆ ಸರದಿ ಇರಲಿಲ್ಲ. ಕಂಪ್ಲಿಯಲ್ಲಿ ಬೆಳೆದವಳಿಗೆ ತೆಲುಗೇನು ಕಷ್ಟವಲ್ಲ, ಅವರ ಹಿಂದಿನ ಸಾಲಿನಲ್ಲಿ ಕೂತು ತೆಲುಗಿನಲ್ಲೇ ಹಾಡುತ್ತಿದ್ದೆ. ಎಲ್ಲರೂ ಆಮೆನ್ ಅಂದ ಮೇಲೆ ನಾನೊಬ್ಬಳೇ ಮೆಲ್ಲಗೆ ಕನ್ನಡದಲ್ಲಿ ಇನ್ನೊಂದು ಸಲ ಬೇಡಿಕೊಳ್ಳುತ್ತಿದ್ದೆ. ದೇವರಿಗೆ ನನ್ನ ಗುರುತು ತಪ್ಪಬಾರದಲ್ಲ.

ಆ ಬಿಡುವು ಸುಮ್ಮನೆ ಸಿಗುತ್ತಿರಲಿಲ್ಲ. ಶುಕ್ರವಾರ ಎಂದರೆ ನಾನು ಕೆಲಸಕ್ಕಿದ್ದ ಮನೆಗೆ ನೆಂಟರು ಬರುವ ದಿನ. ದೊಡ್ಡ ತಟ್ಟೆಗಳಲ್ಲಿ ಅನ್ನ, ಅದರ ಮೇಲೆ ಕುರಿ ಮಾಂಸ. ಎಲ್ಲಾ ಬೇಯಿಸಿಟ್ಟು, ಪಾತ್ರೆ ತೊಳೆದು, ಮೈಮೇಲಿನ ಈರುಳ್ಳಿ ವಾಸನೆ ಹೋಗುವ ಹಾಗೆ ಸ್ನಾನ ಮಾಡಿ ಓಡಬೇಕು. ಒಂದು ಸಲ ನೆಂಟರು ಜಾಸ್ತಿ ಎಂದು ಮೇಡಂ ಬಿಡಲೇ ಇಲ್ಲ. ನಾನು ಅಡುಗೆಮನೆಯಲ್ಲಿ ಹೊಗೆ ಎಳೆಯುವ ಫ್ಯಾನು ಹಾಕಿ, ಆ ಸದ್ದಿನಲ್ಲಿ ನನ್ನ ಹಾಡು ಹಾಡಿಕೊಳ್ಳುತ್ತಾ ಅಳುತ್ತಿದ್ದೆ. ಮೇಡಂ ತಾಯಿ, ನಾನೇ ಸ್ನಾನ ಮಾಡಿಸುತ್ತಿದ್ದ ಮುದುಕಿ, ಕೋಲೂರಿಕೊಂಡು ಬಂದು ನೋಡಿದಳು. ಹೋಗಿ ಮಗಳ ಮುಂದೆ ಕೋಲು ಕುಟ್ಟಿ ಕೂಗಾಡಿದಳು. ಆ ಮಾತಿನಲ್ಲಿ ನನಗೆ ತಿಳಿದದ್ದು ಜುಮ್ಮಾ ಅನ್ನುವುದೊಂದೇ. ಜುಮ್ಮಾ ಎಂದರೆ ಅವರಲ್ಲಿ ಶುಕ್ರವಾರ. ತನಗಿರುವ ಹಾಗೆ ಇವಳಿಗೂ ಒಂದು ಶುಕ್ರವಾರ ಇದೆ ಅಂದಳೆಂದು ಆಮೇಲೆ ಆ ಮನೆಯ ಡ್ರೈವರ್ ಹೇಳಿದ. ಅಂದಿನಿಂದ ನನ್ನನ್ನು ಯಾರೂ ತಡೆಯಲಿಲ್ಲ. ಬೇರೆ ದೇಶ, ಬೇರೆ ಧರ್ಮದ ಮುದುಕಿ ಕೊಡಿಸಿದ ಶುಕ್ರವಾರ ಅದು. ಅದರ ಮೇಲೆ ಮಣ್ಣು ಹಾಕಿದ್ದು ನನ್ನ ಸ್ವಂತ ಮನೆತನದ ಅಕ್ಕ.

ಸೊಸೆ ಬಸುರಿ ಎಂದು ಫೋನ್ ಬಂದ ಕೂಡಲೇ ಕೆಲಸ ಬಿಟ್ಟು ಬಂದೆ. ಬಂದರೆ ಊರಿಗೆ ಊರೇ ಕೆಂಪು. ಸಂಡೂರಿನ ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿದ್ದವು. ಮರ, ನಾಯಿ, ಅಂಗಡಿಯ ಬಾಳೆಹಣ್ಣು ಎಲ್ಲದರ ಮೇಲೂ ಕೆಂಪು ಧೂಳು. ಅಕ್ಕನ ಮನೆಯಲ್ಲೂ ಮೂರು ಲಾರಿ ನಿಂತಿದ್ದವು, ಮನೆಗೆ ಮೇಲಂತಸ್ತು ಎದ್ದಿತ್ತು. ಅಕ್ಕನ ಗಂಡ, ನನ್ನ ಭಾವ, ಚರ್ಚಿನ ಸಭೆಯ ಹಿರಿಯರಾಗಿದ್ದರು. ಚರ್ಚಿನ ಮುಂದಿನ ಬೆಂಚಿನ ತುದಿ ಅಕ್ಕನದೇ, ಬೇರೆ ಯಾರೂ ಕೂಡುವ ಹಾಗಿಲ್ಲ.

ಊರಿಗೆ ಬಂದ ಮೊದಲ ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು ಚರ್ಚಿಗೆ ಹೋದೆ. ಯಾವ ಯೋಚನೆಯೂ ಇಲ್ಲ, ಕಾಲೇ ಕರೆದುಕೊಂಡು ಹೋಯಿತು. ಬಾಗಿಲಿಗೆ ಬೀಗ. ನಾನೇ ಬೇಗ ಬಂದೆನೇನೋ, ಇನ್ನೊಂದು ಭಾಷೆಯವರ ಸರದಿ ಇರಬಹುದು ಎಂದು ಮೆಟ್ಟಿಲ ಮೇಲೆ ಕೂತೆ. ಲಾರಿಗಳು ಹೋಗುತ್ತಲೇ ಇದ್ದವು, ಸೀರೆಯ ಅಂಚು ಕೆಂಪಾಗುತ್ತಲೇ ಇತ್ತು. ಕಾಯಿಪಲ್ಯ ತರಲು ಹೊರಟ ಅಕ್ಕ ನೋಡಿದಳು. ಜೊತೆಗೆ ಸಭೆಯ ಇನ್ನಿಬ್ಬರು ಹೆಂಗಸರು.

"ಏನಬೇ ತಂಗಿ, ಇವತ್ತು ಯಾವ ವಾರ ಅಂತ ತಿಳಿದಿ? ಅರಬರ ಊರಾಗ ಇದ್ದು ಇದ್ದು ಜುಮ್ಮಾ ಮಾಡಾಕ ಬಂದೀಯೇನು?"

ನಕ್ಕು ಬಿಟ್ಟಿದ್ದರೆ ನಾನೂ ನಗುತ್ತಿದ್ದೆ, ನಗುವಂಥದೇ ಅದು. ಅವಳು ಬಿಡಲಿಲ್ಲ. ಭಾನುವಾರದೊಳಗೆ ಸಭೆಯಲ್ಲೆಲ್ಲಾ ನನಗೆ ಜುಮ್ಮಕ್ಕ ಎಂದು ಹೆಸರು ಬಿದ್ದಿತ್ತು. ಸಣ್ಣ ಮಕ್ಕಳೂ ಜುಮ್ಮಕ್ಕ ಬಂದಳು ಅನ್ನುತ್ತಿದ್ದವು. ನಮ್ಮ ಓಣಿಯ ಸಾಬರ ಹೆಂಗಸೊಬ್ಬಳು ಇದನ್ನು ಕೇಳಿ, ಹೆಸರೇನೋ ಮಸ್ತ್ ಐತಿ, ಇಟ್ಟವರ ಬುದ್ಧಿ ಸರಿ ಇಲ್ಲ ಅಂದಳು. ನಾನು ಹಲ್ಲು ಕಚ್ಚಿಕೊಂಡೆ. ಹಲ್ಲು ಕಚ್ಚುವುದನ್ನು ಕುವೈತಿನಲ್ಲಿ ಚೆನ್ನಾಗಿ ಕಲಿತಿದ್ದೆ.

ಹೆಸರಿಗೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೂಸು ಹುಟ್ಟಿತು, ತಲೆಗೆ ನೀರು ಹಾಕಿ ಸಭೆಗೆ ಸೇರಿಸುವ ದೀಕ್ಷಾಸ್ನಾನದ ಮಾತು ಬಂತು. ನಮ್ಮ ಮನೆತನದಲ್ಲಿ ತಂದೆಯ ತಾಯಿಯೇ ಕೂಸನ್ನು ಎತ್ತಿಕೊಂಡು ಸಭೆಯ ನಡುವೆ ನಡೆದು ಹೋಗಿ ಚರ್ಚಿನ ಪಾದ್ರಿ ಅಯ್ಯನವರ ಕೈಗೆ ಕೊಡಬೇಕು. ನನ್ನ ಮಗನನ್ನು ನಮ್ಮತ್ತೆ ಹಾಗೆಯೇ ಎತ್ತಿಕೊಂಡು ಹೋಗಿದ್ದರು. ಅರಬರ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ನಡೆಯುವಾಗೆಲ್ಲಾ ನನಗೆ ಆ ನಡಿಗೆಯದೇ ಕನಸು. ಅಕ್ಕನ ಗಂಡುಮಕ್ಕಳಿಗೆ ಇನ್ನೂ ಮದುವೆಯಿಲ್ಲ, ಮನೆತನಕ್ಕೆ ಇದೇ ಮೊದಲ ಮೊಮ್ಮಗು. ಅವಳಿಗೂ ಆಸೆ ಹುಟ್ಟಿತು. ನೇರವಾಗಿ ಕೇಳಿದ್ದರೆ ಒಂದು ರೀತಿ. ಅವಳು ಭಾವನನ್ನೂ ಕರೆದುಕೊಂಡು ಹೋದದ್ದು ಅಯ್ಯನವರ ಹತ್ತಿರ, ನನ್ನನ್ನು ಎದುರಿಗೆ ಕೂಡಿಸಿಕೊಂಡೇ ಹೇಳಿದಳು.

"ಅಯ್ಯನವರ, ಇಷ್ಟು ವರ್ಷ ಭಾನುವಾರದ ಮುಖಾನ ನೋಡಿಲ್ಲ ಈಕಿ. ಶುಕ್ರವಾರ ಶುಕ್ರವಾರ ಎಲ್ಲಿ ಕುಂತಿದ್ಲೋ, ಏನು ಹೇಳಿದ್ಲೋ ಯಾರು ಕಂಡಾರ? ಅಂಥ ಪ್ರಾರ್ಥನಿ ದೇವರಿಗೆ ಮುಟ್ಟೈತೋ ಇಲ್ಲೋ. ಮನಿಗೆ ಹಿರೇಕಿ ನಾ ಅದೀನಿ, ಕೂಸಿನ್ನ ನಾನ ಎತ್ತಿಕೊಂತೀನಿ."

ಅಯ್ಯನವರು ನನ್ನ ಕಡೆ ನೋಡಿದರು, ಭಾವನ ಕಡೆ ನೋಡಿದರು. ಸಭೆಯ ಹಿರಿಯರ ಮಾತು ಮೀರುವ ಶಕ್ತಿ ಅವರಿಗಿರಲಿಲ್ಲ. ಈ ಸಲ ದೊಡ್ಡಮ್ಮನವರೇ ಎತ್ತಿಕೊಳ್ಳಲಿ, ಸಮಾಧಾನ ಮುಖ್ಯ ಅಂದರು. ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಲಾರಿ ರಿಪೇರಿ ಗ್ಯಾರೇಜಿನವನು. ದೊಡ್ಡಮ್ಮನ ಲಾರಿಗಳು ಬರದಿದ್ದರೆ ಗ್ಯಾರೇಜ್ ನಡೆಯುವುದಿಲ್ಲ, ಸುಮ್ಮನಿರವ್ವ ಎಂದು ಕೈ ಮುಗಿದ. ಸುಮ್ಮನಾದೆ. ಆದರೆ ಪ್ರತಿ ದಿನ ಮೊಣಕಾಲೂರಿ ಒಂದೇ ಬೇಡಿಕೆ: ದೇವರೇ, ಅವಳನ್ನು ಕ್ಷಮಿಸುವ ಮನಸ್ಸು ಆಮೇಲೆ ಕೊಡು, ಮೊದಲು ಅವಳನ್ನು ನನ್ನ ಕೈಗೆ ಕೊಡು.

ಕೊಟ್ಟ. ಲಾರಿಯ ಮೂಲಕವೇ ಕೊಟ್ಟ. ಆಗ ಅದಿರಿನ ಜೋರು ಎಷ್ಟಿತ್ತೆಂದರೆ ಭಾನುವಾರವೂ ಲೋಡಿಗೆ ನಿಲ್ಲಬೇಕು. ಪಾಳಿ ತಪ್ಪಿದರೆ ಮತ್ತೆ ಸಾಲಿನ ತುದಿಗೆ. ಅಕ್ಕನ ಗಂಡುಮಕ್ಕಳು ಲಾರಿಗಳ ಜೊತೆ ಸಂಡೂರಿನಲ್ಲೇ ಬಿದ್ದಿರುತ್ತಿದ್ದರು. ಅವಳ ಡ್ರೈವರುಗಳು ಮೂವರೂ ಸಾಬರು, ಶುಕ್ರವಾರ ನಮಾಜಿನ ದಿನ ಗಾಡಿ ಹತ್ತುವುದಿಲ್ಲ ಎಂದು ಮೊದಲೇ ಮಾತಾಡಿ ಕೆಲಸಕ್ಕೆ ಬಂದವರು. ಹಾಗಾಗಿ ಅವಳ ಮಕ್ಕಳು ಮನೆಯಲ್ಲಿ ಇರುವ ದಿನ ಅದೊಂದೇ. ದೀಕ್ಷಾಸ್ನಾನದ ಊಟ ತನ್ನ ಹೊಸ ಮಹಡಿಯಲ್ಲಿ ಆಗಬೇಕು, ಮಕ್ಕಳು ಓಡಾಡಿ ಬಡಿಸಬೇಕು, ಬಂದವರು ನೋಡಬೇಕು ಎಂಬುದು ಅವಳ ಹಟ. ಭಾವ ಹೋಗಿ ಅಯ್ಯನವರಿಗೆ ಹೇಳಿ ದೀಕ್ಷಾಸ್ನಾನವನ್ನು ಶುಕ್ರವಾರಕ್ಕೆ ಇಡಿಸಿದರು.

ಶನಿವಾರ ಸೊಸೆ ಈ ಸುದ್ದಿ ತಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಕೈ ನಿಂತಿತು. ಎದ್ದು ಅಕ್ಕನ ಮನೆಗೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಒಬ್ಬಳ ಮುಂದೆ ಯಾಕೆ ಕೇಳಲಿ, ನನಗೆ ಹೆಸರಿಟ್ಟದ್ದು ಊರ ಮುಂದೆ.

ಭಾನುವಾರ ಆರಾಧನೆ ಮುಗಿದು ಅಯ್ಯನವರು ಪ್ರಕಟಣೆ ಓದಿದರು. ಬರುವ ಶುಕ್ರವಾರ ದೀಕ್ಷಾಸ್ನಾನ, ಹಿರಿಯರ ಮನೆಯಲ್ಲಿ ಊಟ, ಎಲ್ಲರೂ ಬರಬೇಕು ಅಂದರು. ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. 

"ಅಯ್ಯನವರ, ನಾ ಓದಿದಾಕಿ ಅಲ್ಲ, ಒಂದು ಮಾತು ಕೇಳ್ತೀನಿ. ಶುಕ್ರವಾರ ಮಾಡಿದ ಪ್ರಾರ್ಥನಿ ದೇವರಿಗೆ ಮುಟ್ತೈತೇನ್ರಿ?"

"ಎಲ್ಲಾ ದಿನಾನೂ ದೇವರದ ಅಲ್ಲೇನಮ್ಮಾ? ಮುಟ್ತೈತಿ."

"ಹಂಗಾರ ನಾ ಅಲ್ಲಿ ಮಾಡಿದ್ದೂ ಮುಟ್ಟೈತಿ. ಕೂಸಿನ್ನ ನಾನ ಎತ್ತಿಕೊಂತೀನಿ. ನಂದು ಮುಟ್ಟಿಲ್ಲಂತ ಅಕ್ಕಾರು ಅಂದ್ರ, ಶುಕ್ರವಾರದ ನೀರು ನಮ್ಮ ಕೂಸಿಗೂ ಮುಟ್ಟಂಗಿಲ್ಲ. ಯಾವುದು ಖರೆ, ಅಕ್ಕಾರ ಎದ್ದು ಹೇಳ್ಲಿ."

ಸಭೆ ತಿರುಗಿ ಮುಂದಿನ ಬೆಂಚಿನ ತುದಿ ನೋಡಿತು. ಯಾರೋ ಕೆಮ್ಮಿದ ಹಾಗೆ ನಕ್ಕರು. ಅಕ್ಕ ಎದ್ದಳು, ಸೆರಗು ಎಳೆದುಕೊಂಡಳು, ಭಾವನನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು. ಮುಟ್ಟುತ್ತದೆ ಅಂದರೆ ಕೂಸು ಕೈ ತಪ್ಪುತ್ತದೆ, ಮುಟ್ಟುವುದಿಲ್ಲ ಅಂದರೆ ಶುಕ್ರವಾರದ ಮಹಡಿಯ ಊಟ ಹೋಗುತ್ತದೆ. ನಾನು ಕೂಡಲಿಲ್ಲ. ಅವಳು ಬಾಯಿ ಬಿಡುವ ತನಕ ಕೂಡುವುದಿಲ್ಲ ಎಂದೇ ನಿಂತಿದ್ದೆ. ಕಡೆಗೆ "ಮುಟ್ಟೈತಿ" ಅಂದಳು. ಕೇಳಿಸಲಿಲ್ಲ ಅಂದೆ. ಕೇಳಿಸಿತ್ತು. ಇನ್ನೊಂದು ಸಲ ಹೇಳಿದಳು.

ಶುಕ್ರವಾರ ನನ್ನ ಮೊಮ್ಮಗಳನ್ನು ಬಾಗಿಲಿಂದ ಎತ್ತಿಕೊಂಡು ಹೊರಟೆ. ಎಣ್ಣೆ, ಹಾಲು, ಹೊಸ ಬಟ್ಟೆಯ ವಾಸನೆ. ನನ್ನ ಬೆರಳು ಹಿಡಿದು ಬಿಡಲೊಲ್ಲದು. ಅಷ್ಟು ಹಗುರ ಕೂಸು, ನನ್ನ ಎದೆ ಒಡೆಯುವಷ್ಟು ಭಾರ. ಮುಂದಿನ ಬೆಂಚಿನ ಹತ್ತಿರ ಬಂದಾಗ ನಿಂತೆ. ನೀರು ಹಾಕುವ ಮೊದಲು ಕೂಸಿನ ಟೊಪ್ಪಿಗೆ ತೆಗೆಯಬೇಕು. ತೆಗೆದೆ. ಸೊಸೆ ಅದಕ್ಕೆ ಕೈ ಚಾಚಿದಳು, ಅವಳಿಗೆ ಕೊಡಲಿಲ್ಲ.

"ಅಕ್ಕಾರ, ಇದನ್ನೀಟು ಹಿಡಕೊಂಡು ನಿಂದರ್ರಿ," ಅಂದೆ.

ಬೆಂಚಿನಿಂದ ಎದ್ದು ಬಂದು ಹಿಡಿದುಕೊಂಡು ನಿಂತಳು. ಅಯ್ಯನವರು ನೀರು ಹಾಕಿದರು, ಕೂಸು ಅಳಲಿಲ್ಲ, ನಾನೇ ಅತ್ತೆ. ತಿರುಗಿ ಬರುವಾಗ ನನ್ನ ಹಿಂದಿನ ಬೆಂಚಿಗೆ ಹೋಗಲಿಲ್ಲ. ಟೊಪ್ಪಿಗೆ ಹಿಡಿದು ಎದ್ದವಳ ಜಾಗ ಖಾಲಿಯಿತ್ತು, ಬೆಂಚಿನ ತುದಿ. ಅಲ್ಲೇ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಕಡೆಯ ಹಾಡು ಮುಗಿಯುವ ತನಕ ಸರಿಯಲಿಲ್ಲ.